ಮಿರಗದ (ಮೃಗಶಿರ) ಮಳೆಗೆ ಮುಂಚೆ ಆ ಒಂದು ಕೋಣೆಗೆ ಚಾವಣಿ ಬೇಕು

ಕ್ರಿಸ್ತನಲ್ಲಿ ಪ್ರಿಯರಾದ ಅಣ್ಣಂದಿರೇ, ಅಕ್ಕಂದಿರೇ,

ಕುಡಿತ ಬಿಡಲು ಬರುವವರಿಗಾಗಿ ಶಹಾಬಾದ್ ಹತ್ತಿರ ನಡೆಸುವ ನಮ್ಮ ಮನೆ ನಿಮಗೆ ಹೊಸದಲ್ಲ. ನಿಮ್ಮಲ್ಲಿ ಎಷ್ಟೋ ಜನ ಇಲ್ಲಿ ರೊಟ್ಟಿ ತಿಂದಿದ್ದೀರಿ, ಮೊಣಕಾಲೂರಿ ಪ್ರಾರ್ಥನೆ ಮಾಡಿದ್ದೀರಿ. ಕೆಲವರು ಸ್ವಂತ ತಮ್ಮನನ್ನೋ ಮಗನನ್ನೋ ಕೈ ಹಿಡಿದು ಕರೆತಂದಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಹಿಂದಿನ ಕೋಣೆಯ ಚಾವಣಿ ಕೆಟ್ಟಿದೆ.

ನಮ್ಮ ಕಡೆಯ ಹಳೆ ಮನೆಗಳ ಕಥೆ ನಿಮಗೆ ಗೊತ್ತೇ ಇದೆ. ತೊಲೆ, ಅದರ ಮೇಲೆ ಫರಸಿ ಕಲ್ಲು, ಅದರ ಮೇಲೆ ಮಣ್ಣು. ಒಂದು ಕಡೆ ಬಿರುಕು ಬಿಟ್ಟರೆ ಮಣ್ಣು ನೀರು ಕುಡಿಯುತ್ತದೆ. ಮಳೆ ನಿಂತು ಎರಡು ದಿನವಾದರೂ ಒಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಕಳೆದ ಮಳೆಗಾಲದ ಒಂದು ರಾತ್ರಿ ಒಂದು ಫರಸಿ ಸೀಳಿ ನೀರು ಸುರಿಯತೊಡಗಿತು. ಕೆಳಗೆ ಮೂರು ಮಂಚದಲ್ಲಿ ಮೂವರಿದ್ದರು. ಅವರಲ್ಲಿ ಒಬ್ಬರು ಕುಡಿತ ಬಿಟ್ಟು ಎರಡನೇ ದಿನ. ಮೈಯೆಲ್ಲ ಬೆವರು, ಕೈ ನಡುಕ. ಮೇಲಿಂದ ಬೀಳುವ ಹನಿಗಳನ್ನು ಹುಳ ಅಂದುಕೊಂಡು ಮೈ ಕೊಡವಿಕೊಳ್ಳುತ್ತಿದ್ದರು. ನಾವು ನಾಲ್ಕು ಜನ ಹಾಸಿಗೆ ಸಮೇತ ಎತ್ತಿ ಪ್ರಾರ್ಥನೆಯ ಹಾಲಿಗೆ ತಂದೆವು. ಕಪೆರ್ನೌಮಿನಲ್ಲಿ ನಾಲ್ಕು ಜನ ಚಾವಣಿ ಬಿಚ್ಚಿ ರೋಗಿಯನ್ನು ಯೇಸುವಿನ ಮುಂದೆ ಇಳಿಸಿದ್ದು ಆ ರಾತ್ರಿ ನಮಗೆಲ್ಲ ನೆನಪಾಯಿತು. ಬೆಳಗಿನ ತನಕ ಯಾರೂ ಮಲಗಲಿಲ್ಲ.

ಕುಡಿತ ಬಿಡಲು ಬಂದವರು ಮೊದಲ ಹತ್ತು ದಿನ ಇರುವ ಕೋಣೆ ಅದು. ನಮ್ಮ ಮನೆಯಲ್ಲಿ ಅದಕ್ಕಿಂತ ಮುಖ್ಯವಾದ ಜಾಗ ಇಲ್ಲ. ವರ್ಷಗಟ್ಟಲೆ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಏನಾಗುತ್ತದೆ ಎಂದು ಮನೆಯವರಿಗೆ ಗೊತ್ತಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ನಡುಕ ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು, ಮೂರನೇ ದಿನ ಇಲ್ಲದ್ದು ಕಾಣಬಹುದು, ಕೇಳಿಸಬಹುದು. ಜೀವವೇ ಹೋಗಬಹುದು. ‘ಪ್ರಾರ್ಥನೆ ಇದೆಯಲ್ಲಾ, ಮಾತ್ರೆ ಯಾಕೆ’ ಎಂದು ಕೇಳುವವರಿಗೆ ನಾವು ಯಾವತ್ತೂ ಒಂದೇ ಉತ್ತರ ಕೊಟ್ಟಿದ್ದೇವೆ. ಡಾಕ್ಟರ ಕೈಯೂ ಕರ್ತನ ಕೃಪೆಯೇ. ಬಿ1 ವಿಟಮಿನ್, ನಡುಕ ಇಳಿಸುವ ಮಾತ್ರೆ ಡಾಕ್ಟರು ಹೇಳಿದ ಹಾಗೆ ಕೊಡುತ್ತೇವೆ. ಪಕ್ಕದಲ್ಲಿ ಒಬ್ಬರು ಕೈ ಹಿಡಿದು ಕೂತು ಕೀರ್ತನೆ ಓದುತ್ತಾರೆ. ಹೀಗೆ ಕೂರುವವರು ಸ್ವತಃ ಅದೇ ಮಂಚದಿಂದ ಎದ್ದವರು.

2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ಹಿರಿಯರು ‘ಇನ್ನು ಈ ಮನೆಯ ಅವಶ್ಯಕತೆಯೇ ಇರಲಿಕ್ಕಿಲ್ಲ’ ಅಂದುಕೊಂಡು ಸ್ತೋತ್ರ ಹೇಳಿದ್ದರು. ಸಾರಾಯಿ ಪಾಕೀಟು ಹೋಯಿತು, ಕ್ವಾರ್ಟರ್ ಬಂತು, ಈಗ 90 ಎಂಎಲ್ ಟೆಟ್ರಾ ಪ್ಯಾಕ್ ಬಂದಿದೆ. ಸೇಂದಿ ಅಂತೂ ಹೋಗಲೇ ಇಲ್ಲ. ಮನೆ ಮುಚ್ಚಲು ಆಗಲಿಲ್ಲ.

ನಮ್ಮ ಶನಿವಾರದ ಕೂಟದ ಬಗ್ಗೆ ಹೇಳಲೇಬೇಕು. ಅದರ ದಾರಿ ನಮ್ಮ ಸ್ವಂತದ್ದಲ್ಲ. 1935ರಲ್ಲಿ ಅಮೆರಿಕದ ಅಕ್ರಾನ್ ಊರಿನಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ನಿಂತರು. ಅಲ್ಲಿಂದ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿತು. ಅದು ಯಾವ ಧರ್ಮಕ್ಕೂ ಸೇರಿದ್ದಲ್ಲ, ಆದರೆ ಅದರ 12 ಹೆಜ್ಜೆಗಳಲ್ಲಿ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದ ಪ್ರಭಾವ ಇದೆ. 1991ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಸಭೆಯಲ್ಲಿ ಶುರುವಾದ ಸೆಲೆಬ್ರೇಟ್ ರಿಕವರಿ ಎಂಬ ವ್ಯಸನ ಬಿಡಿಸುವ ಕ್ರೈಸ್ತ ಕೂಟ, ಯೇಸು ಬೆಟ್ಟದ ಮೇಲೆ ಹೇಳಿದ ‘ಧನ್ಯರು’ ಎಂಬ ಮಾತುಗಳನ್ನೇ ಹಿಡಿದು 8 ತತ್ವ ಮಾಡಿಕೊಂಡಿತು. ‘ನನ್ನ ಕೈಯಲ್ಲಿ ಆಗುತ್ತಿಲ್ಲ’ ಎಂದು ಒಪ್ಪಿಕೊಳ್ಳುವುದೇ ಮೊದಲನೆಯದು. ಇದನ್ನು ಹೇಳುವುದು ನಮ್ಮ ಗಂಡಸರಿಗೆ ಎಷ್ಟು ಕಷ್ಟ ಅಲ್ವಾ!

ನಾವು ಶನಿವಾರವನ್ನೇ ಆರಿಸಿಕೊಂಡದ್ದು ಬಟವಾಡೆಗಾಗಿ. ಫರಸಿ ಗಣಿಯಿಂದ ವಾರದ ಕೂಲಿ ಕೈಗೆ ಬರುವ ಸಂಜೆ ಅದು. ಒಬ್ಬ ಅಣ್ಣ ಅವತ್ತು ಊರಿನ ದಾರಿ ಹಿಡಿಯುವುದಿಲ್ಲ, ನೇರ ನಮ್ಮಲ್ಲಿಗೆ ಬರುತ್ತಾರೆ. ಕೂಲಿಯ ದುಡ್ಡನ್ನು ಸತ್ಯವೇದದ ಪಕ್ಕ ಇಟ್ಟು ಕೂರುತ್ತಾರೆ. ಕತ್ತಲಾದ ಮೇಲೆ ಅವರ ಹೆಂಡತಿ ಬಂದು ದುಡ್ಡನ್ನೂ ಗಂಡನನ್ನೂ ಕರೆದುಕೊಂಡು ಹೋಗುತ್ತಾರೆ. ಸಾಕ್ಷಿ ಹೇಳಿ ಎಂದರೆ ಅವರದು ಯಾವಾಗಲೂ ಒಂದೇ ಮಾತು: ‘ಇವತ್ತ ಕುಡದಿಲ್ಲರಿ. ನಾಳಿದು ನಾಳಿ ಕರ್ತನ ಕೇಳ್ತೀನಿ.’ ಹಿಂದೊಮ್ಮೆ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದರು. ಈಗ ದೊಡ್ಡ ಮಗಳು ಪಿಯುಸಿ ಓದುತ್ತಿದ್ದಾಳೆ. ನಮ್ಮ ಅಡುಗೆಮನೆ ನೋಡಿಕೊಳ್ಳುವವರೂ ಹೀಗೆ ಬಂದವರೇ. ಬಿದ್ದು ಎದ್ದವರೂ ಇದ್ದಾರೆ, ಎರಡನೇ ಸಲ, ಮೂರನೇ ಸಲ ಬಂದವರೂ ಇದ್ದಾರೆ. ಯೇಸು ಹೇಳಿದ ಕಥೆಯಲ್ಲಿ ತಪ್ಪಿಹೋದ ಮಗನಿಗೆ ಅಪ್ಪ ಲೆಕ್ಕ ಕೇಳಲಿಲ್ಲ. ನಾವೂ ಕೇಳುವುದಿಲ್ಲ.

ತೊಗರಿ ರಾಶಿ ಆದಾಗ ಚಿತ್ತಾಪುರ ಕಡೆಯಿಂದ ಬರುವ ಬೇಳೆ ಚೀಲ ಯಾವ ವರ್ಷವೂ ತಪ್ಪಿಲ್ಲ. ಕೊಡುವವರು ಎಲ್ಲರೂ ನಮ್ಮ ಸಭೆಯವರಲ್ಲ. ಜೋಳ ಕಳಿಸುವ ಗೌಡರ ಮನೆ ಇದೆ, ರಂಜಾನ್ ತಿಂಗಳಲ್ಲಿ ಅಕ್ಕಿ ಇಳಿಸಿ ಹೋಗುವ ಅಂಗಡಿಯವರಿದ್ದಾರೆ. ಹೊಟ್ಟೆಗೆ ನಮಗೆ ಕೊರತೆಯಾಗಿಲ್ಲ. ಪ್ರಾರ್ಥನೆಯ ಹಾಲ್ ಕಟ್ಟಿಸಿದ್ದೂ ನೀವೇ, ಫ್ಯಾನ್ ಹಾಕಿಸಿದ್ದೂ ನೀವೇ. ಹಿಂದಿನ ಕೋಣೆ ಯಾರ ಕಣ್ಣಿಗೂ ಬೀಳುವ ಜಾಗದಲ್ಲಿಲ್ಲ. ನಾವೂ ಅದನ್ನು ವರ್ಷ ವರ್ಷ ಮುಂದಕ್ಕೆ ಹಾಕಿದೆವು. ಅದು ನಮ್ಮ ತಪ್ಪು.

ಈಗ ಆ ಕೋಣೆಗೆ ಬೀಗ. ಬಾಗಿಲಿಗೆ ಬಂದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತೇವೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಬರೆದು ಕೊಡುತ್ತೇವೆ. ಆದರೆ ವಾಪಸ್ ಹೋಗುವವರ ಬೆನ್ನು ನೋಡುವುದು ಸುಲಭ ಅಲ್ಲ.

ಮಣ್ಣು ಇಳಿಸಿ, ತೊಲೆ ತೆಗೆದು, ಕಬ್ಬಿಣ ಕಟ್ಟಿ ಸ್ಲ್ಯಾಬ್ ಹಾಕಲು 3 ಲಕ್ಷದ ಹತ್ತಿರ ಆಗುತ್ತದೆ ಎಂದು ಮೇಸ್ತ್ರಿ ಹೇಳಿದ್ದಾರೆ. ಸ್ವಲ್ಪ ಜಾಸ್ತಿಯೂ ಆಗಬಹುದು. ಸಭೆಯ ಕಾಣಿಕೆಯಿಂದ ಅರ್ಧ ಕೂಡ ಕೂಡಿಲ್ಲ. ವಾಡಿ, ಸೇಡಂ ಕಡೆಯವರು ಸಿಮೆಂಟ್ ಚೀಲ ಕೊಟ್ಟರೂ ಸರಿ. ಗಾರೆ ಕೆಲಸ ಬಲ್ಲವರು ಎರಡು ದಿನ ಕೈ ಜೋಡಿಸಿದರೂ ಸರಿ. ದುಡ್ಡನ್ನು ಟ್ರಸ್ಟಿನ ಹಳೆಯ ಖಾತೆಗೇ ಹಾಕಿ, ರಸೀದಿ ತಪ್ಪದೆ ಬರುತ್ತದೆ. ಸ್ಲ್ಯಾಬ್ ಹಾಕಿ ನೀರುಣಿಸಲು ದಿನ ಬೇಕು. ಅದಕ್ಕೇ ಮೇ ಮೊದಲ ವಾರಕ್ಕೆ ಕೆಲಸ ಹಿಡಿಯಲೇಬೇಕು. ಜೂನ್ ಮೊದಲ ವಾರ ಕಳೆದರೆ ಮಿರಗ ಬಂದೇ ಬಿಡುತ್ತದೆ.

ಕೋಣೆಯನ್ನು ಕಣ್ಣಾರೆ ನೋಡಬೇಕು ಎನ್ನುವವರು ಯಾವ ಶನಿವಾರ ಬೇಕಾದರೂ ಬನ್ನಿ. ಸಂಜೆ ಆರಕ್ಕೆ ಕೂಟ. ಊಟ ಮಾಡಿಕೊಂಡೇ ಹೋಗಬೇಕು.

ನಿಮ್ಮ ಪ್ರಾರ್ಥನೆಯಲ್ಲಿ ಜೊತೆಗಿರುವ,
ಟ್ರಸ್ಟಿನ ಸದಸ್ಯರು
ಶಹಾಬಾದ್, ಕಲಬುರಗಿ ಜಿಲ್ಲೆ