ಆ ನಾಲ್ಕು ಜನರ ಹೆಸರು

ಪ್ರೀತಿಯ ಪುಟ್ಟಿಗೆ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂತ ಹೇಳಿ ಇಟ್ಟುಬಿಟ್ಟೆ. ನೆಟ್‌ವರ್ಕ್ ಚೆನ್ನಾಗೇ ಇತ್ತು.

ಪೂಜೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಸುಮ್ನೆ ತೋರಿಕೆಗೆ ಕೈಮುಗಿಯೋಕೆ ಆಗಲ್ಲ ಅಂತ ನೀನು ಹೇಳಿದೆ. ನನ್ನ ಬಾಯಿಂದ ತಾನಾಗಿಯೇ ಬಂದದ್ದು, "ನಾಲ್ಕು ಜನ ಏನಂತಾರೆ?" ನೀನು ನಕ್ಕುಬಿಟ್ಟೆ. "ಯಾರಪ್ಪಾ ಆ ನಾಲ್ಕು ಜನ? ಹೆಸರು ಹೇಳು ನೋಡೋಣ."

ಫೋನ್ ಇಟ್ಟ ಮೇಲೆ ಒಂದು ಹಳೇ ಬಿಲ್ಲಿನ ಹಿಂಬದಿಯಲ್ಲಿ ನಿಜವಾಗಿಯೂ ಬರೆಯೋಕೆ ಕೂತೆ. ಮೂರು ಹೆಸರು ಬಂದವು. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಮೂರನೆಯವರಿಗೆ ಈಗ ಸ್ವಂತ ಮಕ್ಕಳ ಗುರುತೂ ಹತ್ತುವುದಿಲ್ಲ. ನಾಲ್ಕನೆಯ ಹೆಸರಿಗೆ ತುಂಬಾ ಹೊತ್ತು ತಡಕಾಡಿದೆ. ಕೊನೆಗೆ ನನ್ನದೇ ಬರೆದೆ.

ಆ ನಾಲ್ಕು ಜನರ ಪರವಾಗಿಯೂ ಒಂದು ಮಾತು ಹೇಳಬೇಕು. ನಿನ್ನ ಅಜ್ಜ ಹೋದದ್ದು ರಾತ್ರಿ ಎರಡು ಗಂಟೆಗೆ. ಅರ್ಧ ಗಂಟೆಯಲ್ಲಿ ಮನೆ ತುಂಬಿತು. ಒಬ್ಬರು ವಾಹನಕ್ಕೆ ಓಡಿದರು, ಒಬ್ಬರು ಆಸ್ಪತ್ರೆ ಕಾಗದ ನೋಡಿಕೊಂಡರು, ಯಾರೋ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸಿದರು. ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ಏನಂತಾರೋ ಅಂತ ನಾವು ಹೆದರುವ ನಾಲ್ಕು ಜನವೇ ಕೊನೆಗೆ ಹೆಗಲು ಕೊಡುವ ನಾಲ್ಕು ಜನ. "ನಿನಗೆ ಯಾರೂ ಬೇಡ, ನೀನೊಬ್ಬಳೇ ಸಾಕು" ಅನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಮಾತು ಆರೋಗ್ಯ ನೆಟ್ಟಗಿರುವಾಗ ಹೇಳುವಂಥದ್ದು. ನೂರು ಜನರ ದನಿಯಲ್ಲಿ ನನ್ನ ದನಿಯೂ ಸೇರಿದಾಗ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಅದಕ್ಕೇ ನಾನು ಇವತ್ತಿಗೂ ಹೋಗುತ್ತೇನೆ.

ಆದರೆ ಆ ರಾತ್ರಿ ಒಬ್ಬಳು ಬಂದಿರಲಿಲ್ಲ. ನಿನ್ನ ಅತ್ತೆ. ಅವಳಿಗೆ ಸುದ್ದಿ ಮುಟ್ಟಿಸಿದ್ದು ಎಲ್ಲಾ ಮುಗಿದ ಮೇಲೆ.

ಅತ್ತೆ ಬೇರೆ ಧರ್ಮದವರನ್ನು ಮದುವೆಯಾದಳು, ಅದಕ್ಕೇ ದೂರ ಆದಳು ಅಂತ ನಿನಗೆ ಹೇಳಿದ್ದೇವೆ. ಅಷ್ಟು ಸುಲಭವಾಗಿ ನಡೆಯಲಿಲ್ಲ. ಮದುವೆಗೆ ಮೊದಲು ದೊಡ್ಡವರೆಲ್ಲ ಮನೆಯಲ್ಲಿ ಸೇರಿದ್ದರು. ಹಿಂದಿನ ರಾತ್ರಿ ನಾನು ಅವಳಿಗೆ, "ಅಕ್ಕಾ, ಯಾರು ಏನೇ ಅನ್ನಲಿ, ನಾನಿದ್ದೀನಿ" ಅಂದಿದ್ದೆ. ನನಗಾಗ ಇಪ್ಪತ್ತೆರಡು. ಮರುದಿನ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಎಲ್ಲರದ್ದೂ ಒಂದೇ ಮಾತು. ನನ್ನ ಸರದಿ ಬಂತು. ಅವಳು ಕರ್ಚೀಫಿನ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ನಾನು ನೆಲ ನೋಡುತ್ತಾ, "ದೊಡ್ಡವರು ಹೇಳಿದ ಹಾಗೆ" ಅಂದೆ. ಅವಳ ಕೈ ನಿಂತಿತು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ತುಂಬಾ ವರ್ಷಗಳ ಮೇಲೆ ಸಾಲೊಮನ್ ಆಶ್ ಅನ್ನುವ ಮನಃಶಾಸ್ತ್ರಜ್ಞನ ಪ್ರಯೋಗದ ಬಗ್ಗೆ ಓದಿದೆ. 1951ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೊದಲನೆಯದರಷ್ಟೇ ಉದ್ದದ್ದು ಯಾವುದು ಅಂತ ಹೇಳಬೇಕು. ಮಕ್ಕಳಾಟ. ಒಬ್ಬರೇ ಇದ್ದಾಗ ಜನ ನೂರಕ್ಕೊಂದೂ ತಪ್ಪುತ್ತಿರಲಿಲ್ಲ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಗೆರೆ ತೋರಿಸಿದಾಗ, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಸಲ ಆ ಒಬ್ಬನೂ ತಪ್ಪನ್ನೇ ಹೇಳಿದ. ಕಣ್ಣೆದುರಿನ ಗೆರೆಯ ವಿಷಯದಲ್ಲೇ ಹೀಗೆ. ದೇವರು, ಮದುವೆ, ಮರ್ಯಾದೆ ಅಂದರೆ ಕೇಳಬೇಕೇ?

ನಾನು ಓದುತ್ತಾ ನಿಂತುಬಿಟ್ಟದ್ದು ಅಲ್ಲಿ ಅಲ್ಲ. ಆಶ್ ಆಮೇಲೆ ನಿಜ ಹೇಳುವ ಒಬ್ಬನೇ ಒಬ್ಬ ಜೊತೆಗಾರನನ್ನು ಕೋಣೆಯಲ್ಲಿ ಕೂರಿಸಿದ. ಗುಂಪಿನ ಒತ್ತಡ ಕಾಲು ಭಾಗಕ್ಕೆ ಇಳಿಯಿತು. ಒಬ್ಬನೇ ಸಾಕಾದ. ಆ ಜೊತೆಗಾರ ನಡುವೆ ಮನಸ್ಸು ಬದಲಿಸಿ ಗುಂಪಿನ ಕಡೆ ಹೋದರೆ? ತಪ್ಪುಗಳು ಥಟ್ಟನೆ ಏರಿದವು. ಪುಸ್ತಕ ಮುಚ್ಚಿ ಎದ್ದು ಹೋದೆ. ಆ ದಿನ ಮನೆಯಲ್ಲಿ ನಾನು ಮಾಡಿದ್ದು ಅದನ್ನೇ. ಮೊದಲೇ ಜೊತೆಗಿಲ್ಲದಿದ್ದರೆ ಒಂದು ಮಾತು. ಇದ್ದೀನಿ ಅಂದು ಆ ಕಡೆ ಹೋದೆನಲ್ಲ.

ನಮ್ಮ ಹಿರಿಯರು ಕೆಟ್ಟವರಾಗಿರಲಿಲ್ಲ, ಪುಟ್ಟಿ. ಹೆದರಿದ್ದರು. ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ 1656ರ ಜುಲೈ 27ರಂದು ತನ್ನದೇ ಹುಡುಗನೊಬ್ಬನನ್ನು ಹೊರಗೆ ಹಾಕಿತು. ಮುಂದೆ ದೊಡ್ಡ ತತ್ವಜ್ಞಾನಿಯಾದ ಬರೂಕ್ ಸ್ಪಿನೋಜಾ, ಆಗ 23 ವರ್ಷ. ಅವನ ಜೊತೆ ಮಾತಾಡಬಾರದು, ಪತ್ರ ಬರೆಯಬಾರದು, ಒಂದೇ ಸೂರಿನಡಿ ಇರಬಾರದು, ಅವನು ಬರೆದದ್ದನ್ನು ಓದಬಾರದು, ನಾಲ್ಕು ಮೊಳದೊಳಗೆ ಹತ್ತಿರ ಹೋಗಬಾರದು. (ನಾಲ್ಕು ಮೊಳ! ಯಾರು ಅಳೆಯುತ್ತಿದ್ದರೋ.) ಹೊರಗೆ ಹಾಕಿದವರು ಯಾರು ಗೊತ್ತಾ? ತಮ್ಮ ನಂಬಿಕೆಗಾಗಿ ಪೋರ್ಚುಗಲ್ಲಿನಲ್ಲಿ ಹಿಂಸೆ ಕಂಡು, ಓಡಿ ಬಂದ ಕುಟುಂಬಗಳವರು. ಪರಊರಿನಲ್ಲಿ ಆಗಷ್ಟೇ ನೆಲೆ ಸಿಕ್ಕಿತ್ತು. ಧರ್ಮದ ಬಗ್ಗೆ ಈ ಹುಡುಗ ಎತ್ತಿದ ಪ್ರಶ್ನೆಗಳಿಂದ ಅದೂ ಹೋದರೆ ಅನ್ನುವ ಅಂಜಿಕೆ ಅವರಿಗೆ ಇದ್ದಿರಬೇಕು. ಏಟು ತಿಂದ ಗುಂಪು ಮೆತ್ತಗಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಾಕಿಕೊಳ್ಳುತ್ತದೆ.

ಸ್ಪಿನೋಜಾ ಮಸೂರ ಉಜ್ಜುವ ಕೆಲಸ ಮಾಡಿಕೊಂಡು ಬದುಕಿದ. ಬೇರೆ ಧರ್ಮಕ್ಕೂ ಸೇರಲಿಲ್ಲ. ಹಾಗಂತ ಒಂಟಿಯೂ ಅಲ್ಲ, ಒಳ್ಳೆಯ ಸ್ನೇಹಿತರಿದ್ದರು. 1673ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಕೆಲಸಕ್ಕೆ ಕರೆ ಬಂತು, ಅಲ್ಲಿನ ಧರ್ಮಕ್ಕೆ ತೊಂದರೆ ಮಾಡಬಾರದು ಅನ್ನುವ ಮಾತಿನ ಜೊತೆಗೆ. ಬೇಡ ಅಂದ.

ಸ್ವಾತಂತ್ರ್ಯದ ಮಾತು ಬಂದಾಗೆಲ್ಲ ಇಂಥ ದೊಡ್ಡವರನ್ನೇ ಮುಂದಿಡುತ್ತೇವೆ. ಅದು ನನಗೆ ಅಷ್ಟು ಸರಿ ಕಾಣುವುದಿಲ್ಲ. ದೊಡ್ಡ ತತ್ವಜ್ಞಾನಿ ಆಗುವವರಿಗೆ ಮಾತ್ರ ಬಾಗಿಲು ತೆರೆಯಬೇಕಾ? ನಿನ್ನ ಅತ್ತೆ ನಲವತ್ತು ದಾಟಿದ ಮೇಲೆ ಈಜು ಕಲಿತಳು. ನಮ್ಮ ಮನೆಯಲ್ಲಿದ್ದಿದ್ದರೆ ನೀರಿಗೆ ಕಾಲೂ ಇಡುತ್ತಿರಲಿಲ್ಲ. "ನೀರಿನ ಮೇಲೆ ಅಂಗಾತ ಮಲಗಿದ್ದೆ ಕಣೋ, ಮುಳುಗಲೇ ಇಲ್ಲ" ಅಂತ ಫೋನ್ ಮಾಡಿ ಹೇಳಿದ್ದಳು. ಒಳಗೇ ಉಳಿದ ನಾನು? ಕಾಲೇಜಿನ ದಿನಗಳಲ್ಲಿ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ತಲೆಯಲ್ಲಿ ಬಂದ ಸಂದೇಹವನ್ನೆಲ್ಲ ಬರೆಯುತ್ತಿದ್ದೆ. ಆ ದಿನದ ನಂತರ ಒಂದು ಸಾಲೂ ಬರೆಯಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಪುಟ್ಟಿ. ನಾನೇ ನಿಲ್ಲಿಸಿದೆ.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿಕೊಂಡಿತು. 48 ದೇಶಗಳು ಪರ, 8 ತಟಸ್ಥ, ವಿರೋಧ ಒಂದೂ ಇಲ್ಲ. ಅದರ 18ನೆಯ ವಿಧಿಯನ್ನು ಒಮ್ಮೆ ಓದು. ಧರ್ಮ ಇಟ್ಟುಕೊಳ್ಳುವ ಹಕ್ಕು ಅಂತ ಹೇಳಿ ನಿಲ್ಲಿಸಿಲ್ಲ. ಬದಲಿಸುವ ಹಕ್ಕೂ ಅಲ್ಲೇ ಇದೆ. ಒಬ್ಬರೇ ಆಗಲಿ, ಇತರರ ಜೊತೆ ಸೇರಿ ಆಗಲಿ ಆಚರಿಸುವ ಹಕ್ಕೂ ಅದೇ ವಿಧಿಯಲ್ಲಿ ಇದೆ. ನಾಳೆ ನಿನಗೆ ಮತ್ತೆ ನಂಬಿಕೆ ಹುಟ್ಟಿದರೆ ನಾಚಿಕೊಳ್ಳಬೇಡ. ಅದೂ ನಿನ್ನದೇ.

ಹಾಗೇ ಇನ್ನೊಂದು. ಧರ್ಮ ಬಿಟ್ಟವರ ಗುಂಪೂ ಗುಂಪೇ. 1970ರ ಸುಮಾರಿಗೆ ಮನಃಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಬ್ರಿಸ್ಟಲ್‌ನಲ್ಲಿ ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದ. ನಿನಗೆ ಈ ಚಿತ್ರಕಾರ ಇಷ್ಟ, ನಿನಗೆ ಆ ಚಿತ್ರಕಾರ ಇಷ್ಟ, ಅಷ್ಟೇ ಕಾರಣ. ನಿಜದಲ್ಲಿ ಅದೂ ಸುಮ್ನೆ ಮಾಡಿದ ಪಾಲು. ದುಡ್ಡು ಹಂಚು ಅಂದರೆ ಹುಡುಗರು ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ಎದುರಿನ ಗುಂಪಿಗೆ ಇನ್ನೂ ಕಡಿಮೆ ಆಗುವುದಾದರೆ ತಮ್ಮವರಿಗೆ ಸ್ವಲ್ಪ ನಷ್ಟವಾದರೂ ಪರವಾಗಿಲ್ಲ ಅನ್ನುವ ಒಲವೂ ಕಂಡಿತು. ನೀನು ಎಲ್ಲಿಗೇ ಸೇರು, ಬಿಟ್ಟು ಹೋದವರ ಬಗ್ಗೆ ಅಲ್ಲಿನವರು ಹೇಗೆ ಮಾತಾಡುತ್ತಾರೆ ಅಂತ ಮೊದಲು ಕಿವಿಗೊಟ್ಟು ಕೇಳು. ನಾನು ನಮ್ಮವರ ಮಾತನ್ನು ಹಾಗೆ ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು.

ನಿನ್ನೆ ಅತ್ತೆಗೆ ಫೋನ್ ಮಾಡಿದೆ. ಆ ದಿನದ ಮಾತು ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀನು ನೆಲ ನೋಡ್ತಿದ್ದೆ" ಅಂದಳು. ಅಷ್ಟೇ. ಕ್ಷಮಿಸಿದ್ದೀನಿ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ನಿನ್ನ ಬಗ್ಗೆ ವಿಚಾರಿಸಿದಳು.

ಆಶ್‌ನ ಪ್ರಯೋಗದಲ್ಲಿ ಇನ್ನೊಂದು ವಿಷಯ ಹೇಳುವುದು ಮರೆತೆ. ಒಂದು ಸಲ ಆ ಜೊತೆಗಾರ ಏನೋ ಕೆಲಸವಿದೆ ಅಂತ ನಡುವೆಯೇ ಎದ್ದು ಹೊರಗೆ ಹೋದ. ಉಳಿದವನು ಆಗಲೂ ತಡವರಿಸಿದ, ಆದರೆ ಜೊತೆಗಾರ ಗುಂಪಿನ ಕಡೆ ಹೋದಾಗಿನಷ್ಟು ಅಲ್ಲ. ನನಗೆ ಅರವತ್ತಾಗುತ್ತಾ ಬಂತು, ಅದನ್ನು ಓದಿದಾಗಿನಿಂದ ಒಂಥರಾ ಸಮಾಧಾನ.

ಮುಂದಿನ ತಿಂಗಳು ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ನಿನ್ನನ್ನು ಕೇಳಿಯೇ ಕೇಳುತ್ತಾರೆ. ನೀನು ನನ್ನ ಪಕ್ಕ ಕೂತುಕೋ. ಈ ಸಲ ಮೊದಲು ನಾನು ಮಾತಾಡುತ್ತೇನೆ. ಅತ್ತೆಯನ್ನೂ ಕರೆದಿದ್ದೇನೆ. ಬರುತ್ತೀನಿ ಅಂತ ಇನ್ನೂ ಹೇಳಿಲ್ಲ.

ನಿನ್ನ
ಅಪ್ಪ