‘ಸರಿ ಮೇಡಂ’ ಎಂದವರು ಮತ್ತೆ ಬರುವುದಿಲ್ಲ

ಮಾನ್ಯ ಸಂಪಾದಕರೇ,

ಮನಸ್ಸಿಗೆ ನೋವಾದರೆ ಥೆರಪಿಗೆ, ಅಂದರೆ ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಗೆ, ಹೋಗಿ ಎಂದು ಹೇಳುವವರು ಈಗ ಬೇಕಾದಷ್ಟಿದ್ದಾರೆ. ಹೋದವರಲ್ಲಿ ಹಲವರು ಮೂರ್ನಾಲ್ಕು ಭೇಟಿಗೇ ನಿಲ್ಲಿಸುವುದೇಕೆ ಎಂಬುದೂ ಚರ್ಚೆಯಾಗಬೇಕು.

ಥೆರಪಿಸ್ಟ್ ಮತ್ತು ಬಂದವರ ಸಂಬಂಧದಲ್ಲಿ ಮೂರು ಭಾಗಗಳಿವೆ ಎಂದು 1979ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ ವಿವರಿಸಿದ್ದರು: ಗುರಿ, ಅದಕ್ಕಾಗಿ ಮಾಡುವ ಕೆಲಸ, ಪರಸ್ಪರ ನಂಬಿಕೆ. ನಂಬಿಕೆಯೊಂದೇ ಸಾಲದು. ಮಗ ಚೆನ್ನಾಗಿ ಓದಲಿ ಎಂದು ತಾಯಿ ಕರೆತಂದಿರುತ್ತಾರೆ, ಹುಡುಗನಿಗೆ ರಾತ್ರಿ ನಿದ್ದೆ ಬಂದರೆ ಸಾಕಾಗಿರುತ್ತದೆ. ಯಾರ ಗುರಿ ಹಿಡಿದು ಹೊರಟಿದ್ದೇವೆ ಎಂಬುದು ಮೊದಲ ಒಂದೆರಡು ಭೇಟಿಯಲ್ಲೇ ಇತ್ಯರ್ಥವಾಗದಿದ್ದರೆ ಮುಂದಿನದೆಲ್ಲ ದಂಡ.

ಸಂಬಂಧ ಕೆಡುವುದು ಎರಡು ಬಗೆಯಲ್ಲಿ. ಕೆಲವರು ನೇರವಾಗಿ ಸಿಡಿಯುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಒಳಗೇ ಹಿಂದೆ ಸರಿಯುತ್ತಾರೆ. ಡಾಕ್ಟರಿಗೆ ಎದುರು ಮಾತಾಡಬಾರದು ಎಂದು ಬೆಳೆದವರಲ್ಲವೇ? ಎಲ್ಲಕ್ಕೂ ‘ಹೂಂ ಮೇಡಂ, ಸರಿ ಮೇಡಂ’. ಬರೆದು ತರಲು ಕೊಟ್ಟ ಹಾಳೆ ಖಾಲಿ. ಹತ್ತು ನಿಮಿಷ ತಡ. ಮುಂದಿನ ವಾರ ‘ಊರಿಗೆ ಹೋಗೋದಿದೆ’.

ಇಲ್ಲಿ ಹೊಸ ಥೆರಪಿಸ್ಟ್‌ಗಳು ಇನ್ನಷ್ಟು ವಿವರಿಸುತ್ತಾರೆ, ಇನ್ನೊಂದು ಹಾಳೆ ಕೊಡುತ್ತಾರೆ. ಅದರಿಂದ ಬಿರುಕು ದೊಡ್ಡದಾಗುತ್ತದೆ. ಮಾಡಬೇಕಾದ್ದು ಬೇರೆ. ಕೈಗೆತ್ತಿಕೊಂಡ ತಂತ್ರವನ್ನು ಪಕ್ಕಕ್ಕಿಟ್ಟು, ‘ಹೋದ ಸಲ ನಾನು ಹೇಳಿದ್ದು ನಿಮಗೆ ಹಿಡಿಸಲಿಲ್ಲ ಅನ್ನಿಸ್ತು, ಹೌದಾ?’ ಎಂದು ಕೇಳಬೇಕು. ಸಮರ್ಥಿಸಿಕೊಳ್ಳದೆ ಕೇಳಿಸಿಕೊಂಡು, ತಮ್ಮ ಪಾಲಿನ ತಪ್ಪನ್ನು ಒಪ್ಪಿ, ಗುರಿಯನ್ನೂ ಕೆಲಸವನ್ನೂ ಮತ್ತೆ ಇಬ್ಬರೂ ಕೂತು ಗೊತ್ತುಮಾಡಬೇಕು. ‘ಇಲ್ಲ ಮೇಡಂ, ಅದು ಬೇಜಾರಾಯ್ತು’ ಎಂದರೂ ಎದುರಿಗಿದ್ದವರು ಮುನಿಯಲಿಲ್ಲ, ಬಿಟ್ಟುಹೋಗಲಿಲ್ಲ ಎಂಬ ಅನುಭವ ಎಷ್ಟೋ ಜನರಿಗೆ ಬದುಕಿನಲ್ಲೇ ಮೊದಲನೆಯದು. ಅಪ್ಪನ ಮುಂದೆ, ಮೇಲಧಿಕಾರಿಯ ಮುಂದೆ ಬಾಯಿ ತೆರೆಯುವ ಧೈರ್ಯ ಹುಟ್ಟುವುದು ಹೀಗೆ. ಮನಸ್ಸು ಬೆಳೆಯುವುದು ಉಪದೇಶದಿಂದಲ್ಲ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಪ್ರತಿ ಭೇಟಿಯ ಕೊನೆಯ ಐದು ನಿಮಿಷ ಇದಕ್ಕೆ ಮೀಸಲಿರಲಿ. ‘ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬ ಉತ್ತರವೇ ಬರುವುದು. ‘ಇವತ್ತು ಯಾವುದು ಉಪಯೋಗಕ್ಕೆ ಬರಲಿಲ್ಲ?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಥೆರಪಿಸ್ಟ್ ಕೇಳದಿದ್ದರೆ ಬಂದವರೇ ಹೇಳಬಹುದು. ಎದುರಿಗೆ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಟ್ಟರೂ ಆದೀತು.

ಎಲ್ಲ ಬಿರುಕನ್ನೂ ಹೀಗೆ ಬೆಸೆಯಬೇಕಿಲ್ಲ. ಥೆರಪಿಸ್ಟ್ ಸಾಲ ಕೇಳಿದರೆ, ಮೈ ಮುಟ್ಟಿ ಸಲುಗೆ ತೋರಿದರೆ, ಗುಟ್ಟನ್ನು ಬೇರೆಯವರಿಗೆ ಹೇಳಿದರೆ ಮಾತುಕತೆಯ ಅಗತ್ಯವೇ ಇಲ್ಲ, ಅಂದೇ ಬಿಟ್ಟು ದೂರು ಕೊಡಿ. ಕಾಯ್ದೆಯೇ ಹೇಳುವ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟಿರುವ ಹಕ್ಕು.

— ಇಬ್ಬರು ಮನೋಚಿಕಿತ್ಸಕರು, ಮೈಸೂರು