ಕಿಮೋ ನಂತರದ ಜ್ವರ: ಬೆಳಗಾಗಲೆಂದು ಕಾಯಬೇಡಿ

ಮಾನ್ಯ ಸಂಪಾದಕರೇ,

ಬೆಳೆದ ಮಕ್ಕಳು ಮಂಗಳೂರಿನಲ್ಲೋ ತಲಶೇರಿಯಲ್ಲೋ ಕಿಮೋ, ಅಂದರೆ ಕ್ಯಾನ್ಸರಿನ ಔಷಧಿ ಚಿಕಿತ್ಸೆ, ಪಡೆದು ಕಾಸರಗೋಡಿನ ಮನೆಗೆ ಮರಳಿದಾಗ ಹೆತ್ತವರ ಬಳಿ ಮೊದಲು ಇರಬೇಕಾದದ್ದು ಥರ್ಮಾಮೀಟರ್. ಔಷಧಿ ಕೊಟ್ಟ 7ರಿಂದ 14ನೇ ದಿನದ ನಡುವೆ ಸಾಮಾನ್ಯವಾಗಿ ಸೋಂಕಿನೊಡನೆ ಹೋರಾಡುವ ಬಿಳಿರಕ್ತಕಣ ತೀರಾ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಡಾಕ್ಟರರನ್ನು ಕೇಳದೆ ಪ್ಯಾರಸಿಟಮಾಲ್ ಕೊಟ್ಟರೆ ಜ್ವರ ಅಡಗುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ. ಕಷಾಯವೂ ಬೇಡ. ಒಳನಾಡಿನವರು ವಾಹನಕ್ಕೆ ಮೊದಲೇ ಹೇಳಿಟ್ಟಿರಿ, ಮಳೆಗಾಲದಲ್ಲಂತೂ ಖಂಡಿತ.

ಬಾಯಿ ಹುಣ್ಣಿಗೆ: ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು, ಊಟವಾದ ಮೇಲೆ ಮುಕ್ಕಳಿಸಿ ಉಗುಳಲಿ. ಗಂಜಿ ಆರಿದ್ದೇ ಇರಲಿ, ಉಪ್ಪಿನಕಾಯಿ ದೂರವಿರಲಿ.

ದೊಡ್ಡವರಾದ ಮಕ್ಕಳನ್ನು ಕೂಸಿನಂತೆ ನೋಡಬೇಡಿ. ಡಾಕ್ಟರರೊಡನೆ ಅವರೇ ಮಾತಾಡಲಿ, ನೀವು ಬರೆದುಕೊಳ್ಳಿ. ಕೆಮ್ಮು ನೆಗಡಿ ಇರುವ ನೆಂಟರನ್ನು ಜಗಲಿಯಲ್ಲೇ ತಡೆಯುವ ನಿಷ್ಠುರ ಮಾತ್ರ ನೀವೇ ಹೊತ್ತುಕೊಳ್ಳಿ.

– ಓರ್ವ ಓದುಗ, ಬದಿಯಡ್ಕ